ಸೀಸೆಯ ಮೇಲೆ ಬರೆಯದ ಮಾತು

ಪ್ರಯೋಗಶಾಲೆಯ ಫ್ರಿಜ್ಜಿನೊಳಗೆ ಎರಡರಿಂದ ಎಂಟು ಡಿಗ್ರಿ ಸೆಲ್ಷಿಯಸ್ ಉಷ್ಣಮಾನದಲ್ಲಿ, ಹೆಪ್ಪುಗಟ್ಟಗೊಡದೆ, ಬೆಳಕು ತಾಗದಂತೆ ಇರಿಸಿರುವ ಕಿರುಬೆರಳುದ್ದದ ಸೀಸೆಯೊಂದನ್ನು ಹೊರತೆಗೆದು, ಅದಕ್ಕೆ ಅಂಟಿಸಿರುವ ಚೀಟಿಯನ್ನು ಓದುವ ವ್ಯವಧಾನ ಯಾರಿಗಾದರೂ ಒದಗಿದರೆ, ಅಲ್ಲಿ ಅವರಿಗೆ ಬಹುಮಟ್ಟಿಗೆ ಇಷ್ಟು ಸಂಗತಿಗಳು ಕಂಡುಬರುವುವು: ಒಳಗಿರುವುದು 100 ಮೈಕ್ರೊಗ್ರಾಂ ಪ್ರತಿಕಾಯ, ಅದರ ಸಾಂದ್ರತೆ ಮಿಲಿಲೀಟರಿಗೆ ಅರ್ಧ ಮಿಲಿಗ್ರಾಂ, ಕೆಡದಿರಲೆಂದು ಬೆರೆಸಿರುವುದು ಅತ್ಯಲ್ಪ ಪ್ರಮಾಣದ ಸೋಡಿಯಂ ಅಜೈಡ್ ಎಂಬ ವಿಷ, ಪ್ರತಿಕಾಯವು ಹುಟ್ಟಿದ್ದು ದೊಡ್ಡ ಇಲಿಯ ದೇಹದ ಕೋಶದಿಂದ, ಅದು ಗುರುತಿಸತಕ್ಕದ್ದು ಚಿಟ್ಟಿಲಿಯ ಬಿಳಿ ರಕ್ತಕಣಗಳ ಮೇಲಿರುವ ಸಿಡಿ11ಬಿ ಎಂಬ ಪ್ರೋಟೀನನ್ನು, ಅದರ ಕ್ಲೋನಿನ, ಅಂದರೆ ಅದನ್ನು ಸ್ರವಿಸುವ ಕೋಶವಂಶದ, ಹೆಸರು ಎಂ1/70. ಇಷ್ಟನ್ನೆಲ್ಲ ಹೇಳುವ ಆ ಚೀಟಿ ಒಂದು ಮಾತನ್ನು ಮಾತ್ರ ಹೇಳದು. ಯಾವ ಯಾವ ಅಮೈನೋ ಆಮ್ಲಗಳು ಯಾವ ಅನುಕ್ರಮದಲ್ಲಿ ಜೋಡಣೆಗೊಂಡು ಈ ಪ್ರತಿಕಾಯವಾಗಿವೆ, ಅಂದರೆ ಸೀಸೆಯೊಳಗಿರುವ ವಸ್ತು ನಿಶ್ಚಯವಾಗಿ ಏನು ಎಂಬುದು ಅಲ್ಲಿಲ್ಲ. ಜೊತೆಗೆ ಬರುವ ವಿವರಪತ್ರದಲ್ಲಿಯೂ ಸಾಮಾನ್ಯವಾಗಿ ಅದು ಇರುವುದಿಲ್ಲ. ಈ ಮೌನ ಸಲ್ಲದು, ಸಾರ್ವಜನಿಕರ ಹಣದಿಂದ ನಡೆಯುವ ವಿಜ್ಞಾನದಲ್ಲಿ ಹೀಗೆ ತನ್ನ ಸ್ವರೂಪವನ್ನು ಮುಚ್ಚಿಟ್ಟುಕೊಂಡ ಸಾಧನಕ್ಕೆ ಎಡೆಯಿರಕೂಡದು ಎಂಬುದು ನನ್ನ ವಾದ.

ದಿನಪತ್ರಿಕೆಯನ್ನು ಓದುವ ಗೃಹಸ್ಥರಿಗೆ ಇಲಿಯ ಪ್ರೋಟೀನಿನ ಗೊಡವೆ ಏತಕ್ಕೆಂದು ಕೇಳುವವರು ಇದ್ದಾರು. ಅರ್ಬುದರೋಗಕ್ಕೆ ಹೊಸ ಔಷಧ, ಸಂಧಿವಾತಕ್ಕೆ ಹೊಸ ಉಪಶಮನ, ಮಧುಮೇಹದ ಮೂಲದ ಬಗೆಗೆ ಹೊಸ ಬೆಳಕು ಎಂದು ವಾರವಾರವೂ ಇದೇ ಪತ್ರಿಕೆಗಳಲ್ಲಿ ಅಚ್ಚಾಗುವ ವಾರ್ತೆಗಳ ಕೊನೆಯ ಸಾಲಿನಲ್ಲಿ, ಪ್ರಯೋಗ ನಡೆದದ್ದು ಇಲಿಗಳ ಮೇಲೆ ಎಂಬ ಒಂದು ವಾಕ್ಯ ಇರುವುದನ್ನು ಅವರು ಗಮನಿಸಿಯೇ ಇರುತ್ತಾರೆ. ಆ ಇಲಿಯ ದೇಹದಲ್ಲಿ ಉರಿಯೂತ ಇಳಿಯಿತು, ಗೆಡ್ಡೆಯ ಸುತ್ತ ಬಿಳಿ ರಕ್ತಕಣಗಳು ನೆರೆದುವು ಎಂದು ಸಂಶೋಧಕರು ಹೇಳುವಾಗ, ಬರಿಗಣ್ಣಿಗಾಗಲಿ ಸಾಮಾನ್ಯ ಸೂಕ್ಷ್ಮದರ್ಶಕಕ್ಕಾಗಲಿ ಒಂದರಂತೆ ಇನ್ನೊಂದು ಕಾಣುವ ಆ ಕಣಗಳನ್ನು ಅವರು ಬೇರೆಬೇರೆಯಾಗಿ ಎಣಿಸಿದ್ದಾದರೂ ಹೇಗೆ? ಇಂಥ ಸೀಸೆಗಳಿಂದಲೇ: ಅವುಗಳೊಳಗಿನ ಪ್ರತಿಕಾಯ ತನ್ನ ಗುರಿಯಿರುವ ಕಣವನ್ನು ಹಿಡಿದು, ತನಗೆ ಕಟ್ಟಿದ ಬಣ್ಣದಿಂದ ಅದನ್ನು ಗುರುತಿಸಿಕೊಡುತ್ತದೆ. ಸೀಸೆಯೊಳಗಣ ಪ್ರತಿಕಾಯ ತಾನು ಹಿಡಿಯಬೇಕಾದುದನ್ನು ಬಿಟ್ಟು ಬೇರೊಂದನ್ನು ಹಿಡಿದರೆ, ಅದರ ಮೇಲೆ ಕಟ್ಟಿದ ಸಿದ್ಧಾಂತ, ಆ ಸಿದ್ಧಾಂತವನ್ನು ನಂಬಿ ಮುಂದೆ ನಡೆಯುವ ಔಷಧಪರೀಕ್ಷೆ, ಅದಕ್ಕೆ ಹಣ ಒದಗಿಸಿದ ಬೊಕ್ಕಸ, ಅದರಲ್ಲಿ ಪ್ರಾಣ ತೆತ್ತ ಇಲಿಗಳು, ಎಲ್ಲವೂ ವ್ಯರ್ಥವಾದಂತೆಯೇ ಸರಿ.

ಎಂ1/70 ಹುಟ್ಟಿದ ಕಥೆಯನ್ನು ಕೊಂಚ ವಿಸ್ತಾರವಾಗಿ ಹೇಳುವುದು ಉಚಿತ. ರೋಗಾಣು ಹೊಕ್ಕ ದೇಹವು ಅದರ ವಿಷವನ್ನು ನಿಷ್ಫಲಗೊಳಿಸುವ, ಪ್ರತಿಕಾಯಗಳೆಂಬ ವಸ್ತುಗಳನ್ನು ತಾನೇ ರಚಿಸಿಕೊಳ್ಳುವುದೆಂಬುದನ್ನು ಎಮಿಲ್ ಫಾನ್ ಬೇರಿಂಗ್ ಮತ್ತು ಕಿಟಸಾಟೊ ಶಿಬಸಾಬುರೊ ಎಂಬುವರು ಬರ್ಲಿನ್ನಿನಲ್ಲಿ ಗಂಟಲಮಾರಿ ಮತ್ತು ಧನುರ್ವಾಯುಗಳ ವಿಷಯದಲ್ಲಿ 1890ರಷ್ಟು ಹಿಂದೆಯೇ ತೋರಿಸಿದ್ದರು. ಆದರೆ ಪ್ರಾಣಿಯೊಂದರ ರಕ್ತದ ಸೀರಮ್ಮಿನಲ್ಲಿ ಇರುವುದು ಒಂದು ಪ್ರತಿಕಾಯವಲ್ಲ, ಸಹಸ್ರಾರು ಬಗೆಯವುಗಳ ಸಂಕರ. ಆ ಪ್ರಾಣಿ ಸತ್ತಿತೆಂದರೆ ಅದರೊಂದಿಗೆ ಆ ಸಂಕರವೂ ಮುಗಿಯಿತು, ಇನ್ನೊಂದು ಪ್ರಾಣಿಯಲ್ಲಿ ಅದೇ ಪಾಕ ಮತ್ತೆ ದೊರಕದು. ಪ್ರತಿಕಾಯವನ್ನು ಸ್ರವಿಸುವ ಕೋಶವೊಂದನ್ನು ಬೇರ್ಪಡಿಸಿ ಪಾತ್ರೆಯಲ್ಲಿ ಸಾಕೋಣವೆಂದರೆ, ಅದು ಕೆಲವು ದಿನಗಳಲ್ಲಿ ಸಾಯುತ್ತಿತ್ತು. ಕೇಂಬ್ರಿಜ್ಜಿನ ಅಣುಜೀವವಿಜ್ಞಾನ ಪ್ರಯೋಗಶಾಲೆಯಲ್ಲಿದ್ದ ಅರ್ಜೆಂಟೀನಾ ಸಂಜಾತ ಸೆಸಾರ್ ಮಿಲ್‌ಸ್ಟೈನ್ ಮತ್ತು ಅವರ ಬಳಿಗೆ ಬಂದಿದ್ದ ತರುಣ ಜರ್ಮನ್ ವಿಜ್ಞಾನಿ ಜಾರ್ಜಸ್ ಕೋಲರ್, ಇಂಥ ಅಲ್ಪಾಯುವಾದ ಗುಲ್ಮದ ಕೋಶವನ್ನು, ಸಾವಿಲ್ಲದೆ ವೃದ್ಧಿಯಾಗುವ ಅರ್ಬುದಕೋಶವೊಂದರೊಡನೆ ಬೆಸೆದು, ಒಂದೇ ಬಗೆಯ ಪ್ರತಿಕಾಯವನ್ನು ನಿರಂತರವಾಗಿ ಸ್ರವಿಸುವ ಸಂಕರಕೋಶವನ್ನು ಸೃಷ್ಟಿಸಿದರು. ಅವರ ಲೇಖನ 1975ರ ಆಗಸ್ಟಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 1984ರಲ್ಲಿ ನೀಲ್ಸ್ ಯರ್ನೆ ಅವರೊಂದಿಗೆ ಅವರಿಬ್ಬರಿಗೂ ನೊಬೆಲ್ ಪಾರಿತೋಷಕ ಬಂದಿತು. ಬೆಸುಗೆ ಆಗದೆ ಉಳಿದ ಅರ್ಬುದಕೋಶಗಳು ಬದುಕಲಾರದಂಥ ಪೋಷಕದ್ರವದಲ್ಲಿ ಅವನ್ನು ಇರಿಸುವುದು, ಬೆಸುಗೆ ಆಗದ ಗುಲ್ಮಕೋಶಗಳನ್ನು ಅವುಗಳ ಅಲ್ಪಾಯುಷ್ಯಕ್ಕೇ ಬಿಟ್ಟುಬಿಡುವುದು, ಹೀಗೆ ಎರಡು ಸಾವುಗಳ ನಡುವೆ ಉಳಿದುದನ್ನು ಆರಿಸಿಕೊಳ್ಳುವ ಆ ಉಪಾಯದ ಸರಳತೆ ಇಂದಿಗೂ ಮನಸ್ಸನ್ನು ಸೂರೆಗೊಳ್ಳತಕ್ಕದ್ದು.

1970ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದಿಂದ ಮಿಲ್‌ಸ್ಟೈನರ ಬಳಿಗೆ ಬಂದ ಟಿಮೊಥಿ ಸ್ಪ್ರಿಂಗರ್ ಎಂಬ ತರುಣನಿಗೆ ಬೇಕಾಗಿದ್ದುದು ಚಿಟ್ಟಿಲಿಯ ಬಿಳಿ ರಕ್ತಕಣಗಳ ಮೇಲ್ಮೈಯಲ್ಲಿ ಏನೇನಿದೆ ಎಂಬುದರ ಅರಿವು. ಚಿಟ್ಟಿಲಿಯ ಪ್ರೋಟೀನುಗಳಿಗೆ ಚಿಟ್ಟಿಲಿಯಲ್ಲಿಯೇ ಪ್ರತಿಕಾಯ ಹುಟ್ಟಿಸುವುದು ಕಷ್ಟ, ಏಕೆಂದರೆ ಯಾವ ದೇಹವೂ ತನ್ನದನ್ನು ಶತ್ರುವೆಂದು ಎಣಿಸದಂತೆ ಬಾಲ್ಯದಲ್ಲಿಯೇ ಪಳಗಿರುತ್ತದೆ. ಆದುದರಿಂದ ಚಿಟ್ಟಿಲಿಯ ಗುಲ್ಮದ ಕೋಶಗಳನ್ನು ದೊಡ್ಡ ಇಲಿಗೆ ಚುಚ್ಚಿ, ಅದರ ಗುಲ್ಮವನ್ನು ತೆಗೆದು, ಅಲ್ಲಿಯ ಕೋಶಗಳನ್ನು ಚಿಟ್ಟಿಲಿಯ ಅರ್ಬುದಕೋಶಗಳೊಂದಿಗೆ ಬೆಸೆದರು. ಬಂದ ಸಂಕರಗಳಲ್ಲಿ ಒಂದು ಎಂ1/70. ಅದು ಹಿಡಿದದ್ದು ಅದುವರೆಗೆ ಯಾರೂ ಹೆಸರಿಡದಿದ್ದ ಒಂದು ಪ್ರೋಟೀನನ್ನು. ರೋಗಾಣುಗಳನ್ನೂ ಸತ್ತ ಕೋಶಗಳನ್ನೂ ನುಂಗುವ ಮ್ಯಾಕ್ರೊಫೇಜ್ ಎಂಬ ದೊಡ್ಡ ಭಕ್ಷಕಕೋಶಗಳ ಮೇಲೆ ಅದು ವಿಶೇಷವಾಗಿ ಕಂಡುಬಂದುದರಿಂದ ಅದಕ್ಕೆ ಮ್ಯಾಕ್-1 ಎಂಬ ಹೆಸರಾಯಿತು. 1979ರಲ್ಲಿ ಸ್ಪ್ರಿಂಗರ್, ಗಾಲ್ಫ್ರೆ, ಸೆಚರ್, ಮಿಲ್‌ಸ್ಟೈನ್ ಎಂಬ ನಾಲ್ವರು ಅದನ್ನು ವರದಿಮಾಡಿದರು. ಈ ಪ್ರೋಟೀನು ಎರಡು ಸರಪಣಿಗಳಿಂದಾದುದು. ಅವುಗಳಲ್ಲಿ ಒಂದಕ್ಕೆ ಈಗಿನ ಹೆಸರು ಸಿಡಿ11ಬಿ. ಇಲ್ಲಿ ಗಮನಿಸತಕ್ಕ ವಿಶೇಷವೆಂದರೆ, ಪ್ರೋಟೀನು ಮೊದಲು ತಿಳಿದು ಅದಕ್ಕೆ ತಕ್ಕ ಪ್ರತಿಕಾಯವನ್ನು ಅನಂತರ ಮಾಡಿದ್ದಲ್ಲ. ಪ್ರತಿಕಾಯವೇ ಮೊದಲು ಬಂದು, ಅದರ ಕೈಹಿಡಿದು ಪ್ರೋಟೀನಿನ ಪರಿಚಯ ಲೋಕಕ್ಕೆ ಆಯಿತು.

ಮುಂದೆ ಆದುದು ಇನ್ನೂ ಸ್ವಾರಸ್ಯವಾದುದು. ರೋಗಾಣುವಿನ ಮೈಗೆ ಅಂಟಿಕೊಂಡ, ಕಾಂಪ್ಲಿಮೆಂಟ್ ಎಂಬ ರಕ್ತದ ಪ್ರೋಟೀನಿನ ತುಣುಕನ್ನು ಹಿಡಿದು ರೋಗಾಣುವನ್ನು ನುಂಗಲು ಬಿಳಿ ಕಣಗಳಿಗೆ ಸಹಾಯಕವಾದ ಗ್ರಾಹಕವು ಈ ಮ್ಯಾಕ್-1 ತಾನೇ ಎಂಬುದಕ್ಕೆ 1982ರಲ್ಲಿ ಪುರಾವೆ ದೊರೆತದ್ದೂ ಎಂ1/70ರಿಂದಲೇ. ಆ ಪ್ರತಿಕಾಯವನ್ನು ಸೇರಿಸಿದೊಡನೆ ಗ್ರಾಹಕದ ಕೆಲಸ ನಿಂತುಹೋಗುತ್ತಿತ್ತು. ಚಿಟ್ಟಿಲಿಗೆಂದು ಹುಟ್ಟಿದ ಈ ಪ್ರತಿಕಾಯ ಮನುಷ್ಯರ ಅದೇ ಪ್ರೋಟೀನನ್ನೂ ಹಿಡಿಯುತ್ತದೆ. ಅದೇ ಕಾಲದಲ್ಲಿ ವೈದ್ಯರ ಮುಂದೆ ಒಂದು ವಿಚಿತ್ರ ವ್ಯಾಧಿಯ ಮಕ್ಕಳು ಬರುತ್ತಿದ್ದರು: ಹುಟ್ಟಿದ ಮೇಲೆ ಒಂದೆರಡು ವಾರಗಳಲ್ಲಿ ಉದುರಬೇಕಾದ ಹೊಕ್ಕುಳಬಳ್ಳಿ ಬಹಳ ತಡವಾಗಿ ಉದುರುವುದು, ಮೇಲಿಂದ ಮೇಲೆ ಸೋಂಕು, ರಕ್ತದಲ್ಲಿ ಬಿಳಿ ಕಣಗಳು ಹೇರಳವಾಗಿದ್ದರೂ ಗಾಯದಲ್ಲಿ ಕೀವು ಮಾತ್ರ ಕಟ್ಟದಿರುವುದು. ಆ ಮಕ್ಕಳ ಬಿಳಿ ಕಣಗಳ ಮೇಲೆ ಮ್ಯಾಕ್-1 ಮತ್ತು ಅದರ ಒಡಹುಟ್ಟುಗಳಾದ ಪ್ರೋಟೀನುಗಳು ಇಲ್ಲವೆಂದೂ, ಅವೆಲ್ಲಕ್ಕೂ ಸಮಾನವಾದ ಒಂದು ಸರಪಣಿಯ ಜೀನಿನಲ್ಲಿ ದೋಷವಿದೆಯೆಂದೂ, ರಕ್ತನಾಳದ ಗೋಡೆಗೆ ಅಂಟಿಕೊಂಡು ಹೊರಬೀಳಲಾರದೆ ಕಣಗಳು ನಾಳದೊಳಗೇ ಉಳಿದುಹೋಗುತ್ತವೆಂದೂ ಇಂಥ ಪ್ರತಿಕಾಯಗಳ ಸಹಾಯದಿಂದ ತಿಳಿದುಬಂತು. ಕೇಂಬ್ರಿಜ್ಜಿನ ಒಂದು ಇಲಿಯ ಗುಲ್ಮಕ್ಕೂ, ಹೊಕ್ಕುಳು ಒಣಗದ ಒಂದು ಕೂಸಿಗೂ ಇರುವ ನಂಟು ಇದು. ಮೂಲವಿಜ್ಞಾನದಿಂದ ಏನು ಪ್ರಯೋಜನವೆಂದು ಆಯವ್ಯಯದ ಕಾಲಕ್ಕೆ ತಪ್ಪದೆ ಕೇಳುವ ಮಹನೀಯರಿಗೆ ಇದನ್ನೊಮ್ಮೆ ಓದಿಹೇಳಬಹುದು.

ಉತ್ತಮವಾದ ಪ್ರತಿಕಾಯವೂ ಕೂಡ ಅಜಾಗರೂಕನ ಕೈಯಲ್ಲಿ ಸುಳ್ಳು ನುಡಿಯಬಲ್ಲುದು. ಪ್ರತಿಕಾಯವು ತನ್ನ ಎರಡು ತೋಳುಗಳ ತುದಿಯಿಂದ ಗುರಿಯನ್ನು ಹಿಡಿಯುವುದಷ್ಟೆ. ಅದಕ್ಕೆ ಬುಡದಲ್ಲಿ ಒಂದು ಕಾಂಡವೂ ಉಂಟು. ಮ್ಯಾಕ್ರೊಫೇಜುಗಳ ಮೇಲೆ ಪ್ರತಿಕಾಯಗಳ ಕಾಂಡವನ್ನು ಹಿಡಿಯುವ ಬೇರೆಯ ಗ್ರಾಹಕಗಳಿರುತ್ತವೆ. ಹೀಗಾಗಿ ಸಿಡಿ11ಬಿಯನ್ನು ಹುಡುಕಿಕೊಂಡು ಹೋದ ಪ್ರತಿಕಾಯ ತೋಳಿನಿಂದ ಹಿಡಿದಿತೋ, ಕಾಂಡದಿಂದ ತಾನೇ ಸಿಕ್ಕಿಬಿದ್ದಿತೋ ಎಂಬುದು, ಅದಕ್ಕೆ ಕಟ್ಟಿರುವ ಬಣ್ಣ ಲೇಸರ್ ಕಿರಣದ ಮುಂದೆ ಹೊಳೆದಾಗ ತಿಳಿಯುವಂತಿಲ್ಲ. ಹೊಳಪು ಎರಡರದೂ ಒಂದೇ. ಇದಕ್ಕಾಗಿ ಅನುಭವಸ್ಥರು ಆ ಗ್ರಾಹಕಗಳನ್ನು ಮೊದಲೇ ಇನ್ನೊಂದು ಪ್ರತಿಕಾಯದಿಂದ ಮುಚ್ಚಿಬಿಡುತ್ತಾರೆ. ಪ್ರಯೋಗಶಾಲೆಯವರ ಮಾತಿನಲ್ಲಿ ಅದಕ್ಕೆ ಬ್ಲಾಕ್ ಮಾಡುವುದು ಎಂದು ಹೆಸರು. ಮತ್ತೊಂದು ತೊಡಕು ನ್ಯೂಟ್ರೊಫಿಲ್ ಎಂಬ ಬಿಳಿ ಕಣಗಳದು. ಅವು ಈ ಪ್ರೋಟೀನಿನ ದಾಸ್ತಾನನ್ನು ಒಳಗಿನ ಚೀಲಗಳಲ್ಲಿ ಅಡಗಿಸಿಟ್ಟುಕೊಂಡು, ಕೆರಳಿದಾಗ ಕೆಲವೇ ನಿಮಿಷಗಳಲ್ಲಿ ಮೇಲಕ್ಕೆ ತರುತ್ತವೆ. ಆದುದರಿಂದ ಮಾದರಿಯನ್ನು ಮಂಜುಗಡ್ಡೆಯ ಮೇಲೆ ಇರಿಸದೆ ಮೇಜಿನ ಮೇಲೆ ಬಿಟ್ಟು ಚಹಾ ಕುಡಿಯಲು ಹೋದ ವಿದ್ಯಾರ್ಥಿ, ಮರಳಿ ಬಂದು ಅಳೆಯುವುದು ಇಲಿಯ ರೋಗವನ್ನಲ್ಲ, ತನ್ನ ವಿಳಂಬವನ್ನು. ಇಂಥವು ಕೈಚಳಕದ ಮಾತು. ಗುರುವಿನ ಬಳಿ ನಿಂತು ಕಲಿತರೆ ನೀಗುತ್ತವೆ. ಪ್ರತಿಕಾಯವೇ ಕೆಟ್ಟದ್ದಾದರೆ ಮಾತ್ರ ಯಾವ ಗುರುವೂ ಏನೂ ಮಾಡಲಾರನು.

ಹಾಗೆ ಕೆಟ್ಟವು ಎಷ್ಟು? ಎಂ1/70 ಕುಲೀನವಾದುದು, ನಾಲ್ಕೂವರೆ ದಶಕಗಳಿಂದ ಲೋಕದ ನಾನಾ ಕಡೆಗಳಲ್ಲಿ ಬಳಕೆಯಲ್ಲಿದ್ದು, ಸಿಡಿ11ಬಿ ಜೀನನ್ನೇ ಕಳೆದ ಇಲಿಗಳು 1990ರ ದಶಕದಲ್ಲಿ ಸಿದ್ಧವಾದ ಮೇಲೆ, ಗುರಿಯೇ ಇಲ್ಲದ ಪ್ರಾಣಿಯಲ್ಲಿ ಪ್ರತಿಕಾಯ ಸುಮ್ಮನಿರುವುದೇ ಎಂದು ನೋಡುವ ಕಠಿನತಮ ಪರೀಕ್ಷೆಗೆ ಸಾಧನವೂ ಒದಗಿದೆ. ಎಲ್ಲವೂ ಹಾಗಿಲ್ಲ. ಕೆಂಪು ರಕ್ತಕಣಗಳ ಉತ್ಪತ್ತಿಯನ್ನು ಪ್ರಚೋದಿಸುವ ಎರಿತ್ರೊಪೊಯೆಟಿನ್ ಎಂಬ ಹಾರ್ಮೋನಿನ ಗ್ರಾಹಕವು ಅರ್ಬುದಗಳ ಮೇಲೆಯೂ ಇದೆಯೆಂದು ಅನೇಕ ಪ್ರಬಂಧಗಳು ಸಾರಿದುವು. ಅರ್ಬುದರೋಗಿಗಳಿಗೆ ಆ ಹಾರ್ಮೋನನ್ನು ಕೊಡಬಹುದೆ ಕೂಡದೆ ಎಂಬ ಗಂಭೀರವಾದ ಪ್ರಶ್ನೆ ಅದರಿಂದ ಎದ್ದಿತು. ಆ ಪ್ರಬಂಧಗಳಲ್ಲಿ ಬಳಸಿದ್ದ ಪ್ರತಿಕಾಯಗಳು ಆ ಗ್ರಾಹಕವನ್ನು ನಂಬಲರ್ಹವಾಗಿ ಗುರುತಿಸುವುದಿಲ್ಲವೆಂದೂ, ಹೆಚ್ಚು ಬಳಕೆಯಲ್ಲಿದ್ದ ಒಂದು ಪ್ರತಿಕಾಯ ಹಿಡಿಯುತ್ತಿದ್ದುದು ಶಾಖಾಘಾತದ ಪ್ರೋಟೀನೆಂಬ ಬೇರೊಂದನ್ನೆಂದೂ 2006ರಲ್ಲಿ ತೋರಿಸಿಕೊಟ್ಟವರು ಆ ಹಾರ್ಮೋನನ್ನು ಔಷಧವಾಗಿ ಮಾರುವ ಆಮ್ಜೆನ್ ಕಂಪನಿಯ ವಿಜ್ಞಾನಿಗಳು. ಸ್ವಾರ್ಥವಿದ್ದವರ ಬಾಯಿಂದ ಬಂದ ಮಾತೆಂದು ಅದನ್ನು ಶಂಕಿಸುವವರು ಶಂಕಿಸಲಿ. ಸ್ವಾರ್ಥವಿಲ್ಲದವರು ಅಲ್ಲಿಯವರೆಗೆ ಏತಕ್ಕೆ ಪರೀಕ್ಷಿಸಲಿಲ್ಲವೆಂಬ ಶಂಕೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಕೆನಡಾದ ಟೊರಾಂಟೊ ನಗರದಲ್ಲಿ ಎಲೆಫ್ತೀರಿಯೊಸ್ ಡಯಾಮಂಡಿಸ್ ಅವರ ತಂಡದವರು ಮೇದೋಜೀರಕಾಂಗದ ಅರ್ಬುದದ ಸೂಚಕವೆಂದು ಒಂದು ಪ್ರೋಟೀನಿನ ಬೆನ್ನುಹತ್ತಿ, ಎರಡು ವರ್ಷಗಳನ್ನೂ ಐದು ಲಕ್ಷ ಡಾಲರುಗಳನ್ನೂ ಕಳೆದ ಮೇಲೆ, ತಾವು ಕೊಂಡು ತಂದ ಕಿಟ್ ಅಳೆಯುತ್ತಿದ್ದುದು ಆ ಪ್ರೋಟೀನನ್ನಲ್ಲ, ಸಿಎ125 ಎಂಬ ಹಳೆಯ ಸೂಚಕವನ್ನು ಎಂದು ಕಂಡುಕೊಂಡು, ಆ ಸಂಗತಿಯನ್ನು ಬಹಿರಂಗವಾಗಿ ಬರೆದರು. ಹಾಗೆ ಬರೆಯುವ ಧೈರ್ಯ ಎಲ್ಲರಲ್ಲಿಯೂ ಇರುವುದಿಲ್ಲ.

ಬಿಡಿ ಉದಾಹರಣೆಗಳಿಂದ ಲೋಕವನ್ನು ಅಳೆಯಲಾಗದೆನ್ನುವವರಿಗೆ ಒಂದು ಲೆಕ್ಕವೂ ಇದೆ. ಮಾಂಟ್ರಿಯಲ್ಲಿನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಆಶ್ರಯದಲ್ಲಿ ವೈಚರೋಸ್ ಎಂಬ ಸಂಘಟನೆಯು, ಮಾರಾಟಗಾರ ಕಂಪನಿಗಳ ಸಹಕಾರವನ್ನೇ ಪಡೆದು, ಮನುಷ್ಯರ 65 ಪ್ರೋಟೀನುಗಳಿಗೆಂದು ಮಾರುತ್ತಿದ್ದ 614 ಪ್ರತಿಕಾಯಗಳನ್ನು, ಆಯಾ ಜೀನನ್ನು ಕಳೆದ ಕೋಶಗಳ ಎದುರಿಗಿಟ್ಟು ಪರೀಕ್ಷಿಸಿತು. 2023ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ ಅರ್ಧಕ್ಕಿಂತ ಹೆಚ್ಚಿನವು ಒಂದಲ್ಲ ಒಂದು ಉಪಯೋಗದಲ್ಲಿ ಸೋತವು. ಪ್ರತಿಯೊಂದು ಪ್ರೋಟೀನಿಗೂ ಸರಾಸರಿ ಹನ್ನೆರಡರಷ್ಟು ಪ್ರಕಟಿತ ಪ್ರಬಂಧಗಳಲ್ಲಿ ಸೋತ ಪ್ರತಿಕಾಯದ ಆಧಾರದ ಮಾಹಿತಿ ಇತ್ತು. ಕಂಪನಿಗಳು ಅಪೇಕ್ಷೆಗೆ ನಿಲ್ಲದವುಗಳಲ್ಲಿ ಸುಮಾರು ಶೇಕಡಾ 20ನ್ನು ತಾವಾಗಿ ಮಾರುಕಟ್ಟೆಯಿಂದ ಹಿಂತೆಗೆದುಕೊಂಡುವು, ಇನ್ನು ಶೇಕಡಾ 40ರಷ್ಟಕ್ಕೆ ಉಪಯೋಗದ ಸಲಹೆಯನ್ನು ತಿದ್ದಿದುವು. ಇದು ಅವುಗಳಿಗೆ ಶ್ಲಾಘನೆ ತರುವ ನಡತೆಯೇ. ಪರೀಕ್ಷೆ ನಡೆಯದಿದ್ದರೆ ಅವೆಲ್ಲ ಮಾರುಕಟ್ಟೆಯಲ್ಲಿಯೇ ಇರುತ್ತಿದ್ದುವೆಂಬುದನ್ನೂ ಮರೆಯಲಾಗದು. ಅದೇ ಪರೀಕ್ಷೆಯಲ್ಲಿ ಅತ್ಯುತ್ತಮವಾಗಿ ಗೆದ್ದವು ಯಾವುವೆಂದರೆ, ಅನುಕ್ರಮವು ತಿಳಿದಿದ್ದು ಅದರ ಜೀನಿನಿಂದ ಹೊಸದಾಗಿ ಉತ್ಪಾದಿಸಿದ ರೀಕಾಂಬಿನಂಟ್ ಪ್ರತಿಕಾಯಗಳು.

ನಮ್ಮ ಊರಿನ ದಿನಸಿ ಅಂಗಡಿಯವನ ತೂಕದ ಬೊಟ್ಟುಗಳಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯವರು ಗೊತ್ತಾದ ಅವಧಿಗೊಮ್ಮೆ ಪರೀಕ್ಷೆ ಮಾಡಿ ಮುದ್ರೆಯೊತ್ತಬೇಕು. ಮುದ್ರೆಯಿಲ್ಲದ ಬೊಟ್ಟಿನಿಂದ ಅಕ್ಕಿ ತೂಗಿದರೆ ದಂಡ ತಪ್ಪದು. ಒಂದು ಸೇರು ಅಕ್ಕಿಗೆ ಇರುವ ಈ ಕಟ್ಟುಪಾಡು, ಮನುಷ್ಯರ ವ್ಯಾಧಿಗಳ ಕಾರಣವನ್ನು ತೂಗುವ ಬೊಟ್ಟಿಗೆ ಇಲ್ಲ. ಸಂಶೋಧನೆಗೆ ಮಾತ್ರ, ರೋಗನಿರ್ಣಯಕ್ಕೆ ಅಲ್ಲ ಎಂದು ವಿವರಪತ್ರದಲ್ಲಿ ಅಚ್ಚಿಸಿದ ಒಂದು ಪಂಕ್ತಿಯೊಂದಿಗೆ ಮಾರಾಟಗಾರನ ಹೊಣೆ ಬಹುಮಟ್ಟಿಗೆ ತೀರಿಹೋಗುತ್ತದೆ.

ಹಾಗಾದರೆ ಅನುಕ್ರಮವನ್ನು ಏಕೆ ಹೇಳುವುದಿಲ್ಲ? ಹೇಳಿದರೆ ಯಾರು ಬೇಕಾದರೂ ಅದನ್ನು ತಯಾರಿಸಿಕೊಂಡಾರೆಂಬ ಭಯ. ಈ ಭಯದ ಹಿಂದೆ ಒಂದು ಇತಿಹಾಸವಿದೆ. ಕೋಲರ್ ಮತ್ತು ಮಿಲ್‌ಸ್ಟೈನ್ ತಮ್ಮ ವಿಧಾನಕ್ಕೆ ಪೇಟೆಂಟ್ ಪಡೆಯಲಿಲ್ಲ. ವಿಷಯ ಬ್ರಿಟಿಷ್ ಸರಕಾರದ ಸಂಶೋಧನಾಭಿವೃದ್ಧಿ ನಿಗಮಕ್ಕೆ ತಿಳಿಸಲ್ಪಟ್ಟಿದ್ದರೂ, ತತ್ಕಾಲಕ್ಕೆ ವ್ಯಾವಹಾರಿಕ ಪ್ರಯೋಜನ ಕಾಣುವುದಿಲ್ಲವೆಂಬ ಅರ್ಥದ ಉತ್ತರ ಬಂದಿತು. ಮಿಲ್‌ಸ್ಟೈನ್ ತಮ್ಮ ಕೋಶಗಳನ್ನು ಕೇಳಿದವರಿಗೆ ಉದಾರವಾಗಿ ಹಂಚಿದರು. ಅವುಗಳಿಂದ ಪಡೆದ ಸಂಕರಗಳಿಗೆ ಪೇಟೆಂಟ್ ಮಾಡಕೂಡದೆಂಬ ಷರತ್ತು ಅದರೊಂದಿಗೆ ಇತ್ತು. ಕೆಲವೇ ವರ್ಷಗಳಲ್ಲಿ ಅಮೆರಿಕದ ವಿಸ್ಟಾರ್ ಸಂಸ್ಥೆಯವರು ಆ ಕೋಶಗಳ ನೆರವಿನಿಂದಲೇ ಮಾಡಿದ ಪ್ರತಿಕಾಯಗಳಿಗೆ ಪೇಟೆಂಟ್ ಪಡೆದಾಗ, ಬ್ರಿಟನ್ನಿನಲ್ಲಿ ಅದೊಂದು ರಾಷ್ಟ್ರೀಯ ವ್ಯಥೆಯಾಗಿ ಪರಿಣಮಿಸಿತು. ಅಲ್ಲಿಯ ಅಂದಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಕೂಡ ಆ ಕೈತಪ್ಪಿದ ಸಂಪತ್ತಿಗಾಗಿ ಮರುಗಿದವರಲ್ಲಿ ಒಬ್ಬರು. ಅಂದಿನಿಂದ ಜಗತ್ತು ಕಲಿತ ಪಾಠ, ಪೇಟೆಂಟ್ ಮಾಡು, ಅದು ಆಗದಿದ್ದರೆ ಬಚ್ಚಿಡು ಎಂಬುದು. ಆ ಪಾಠವೇ ತಪ್ಪೆಂದು ನಾನು ಹೇಳುತ್ತೇನೆ. ಎಂ1/70ರ ಸಂಕರಕೋಶವು ಅಮೆರಿಕದ ಸಾರ್ವಜನಿಕ ಕೋಶಭಂಡಾರದಲ್ಲಿ ನಿಕ್ಷಿಪ್ತವಾಗಿ ಬೇಕಾದವರಿಗೆ ದೊರಕುವಂತೆ ಇದ್ದುದರಿಂದಲ್ಲವೆ, ಅದರ ಗುಣದೋಷಗಳು ಸಾವಿರ ಕೈಗಳಲ್ಲಿ ಪರೀಕ್ಷಿತವಾಗಿ ಅದು ಇಂದು ನಂಬಲರ್ಹವಾಗಿರುವುದು? ಹತ್ತಾರು ಕಂಪನಿಗಳು ಅದನ್ನು ಮಾರಿ ಲಾಭವನ್ನೂ ಗಳಿಸುತ್ತಿವೆ. ಬಹಿರಂಗವಾದುದರಿಂದ ವ್ಯಾಪಾರ ಕೆಟ್ಟಂತೆ ಕಾಣುವುದಿಲ್ಲ.

ಸಂಕರಕೋಶ ಭಂಡಾರದಲ್ಲಿದ್ದರೆ ಸಾಲದೆ, ಅನುಕ್ರಮವೂ ಏಕೆ ಬೇಕೆಂದು ಕೇಳಬಹುದು. ಜೀವಕೋಶವು ಜೀವವಿರುವ ವಸ್ತು. ಕಾಲಾಂತರದಲ್ಲಿ ತನ್ನ ಜೀನುಗಳನ್ನು ಕಳೆದುಕೊಳ್ಳಬಹುದು, ಸಾಯಬಹುದು, ಮಾರ್ಪಡಬಹುದು. ಒಂದೇ ಬಗೆಯದನ್ನು ಸ್ರವಿಸುವುದೆಂದು ನಾವು ನಂಬಿದ 185 ಸಂಕರಕೋಶಗಳನ್ನು ಆರಿಸಿ ಪರೀಕ್ಷಿಸಿದಾಗ, ಅವುಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಪ್ರತಿಕಾಯಕ್ಕೆ ಬೇಕಾದುದಕ್ಕಿಂತ ಹೆಚ್ಚಿನ ಸರಪಣಿಗಳನ್ನು ಉತ್ಪಾದಿಸುತ್ತಿದ್ದುವೆಂದು 2018ರಲ್ಲಿ ಪ್ರಕಟವಾಯಿತು. ಅಂದರೆ ಸೀಸೆಯೊಳಗೆ ಚೀಟಿಯಲ್ಲಿ ಹೇಳದ ಅತಿಥಿಯೂ ಇದ್ದಾನೆ. ಅನುಕ್ರಮವಾದರೋ ಕಾಗದದ ಮೇಲೆ ಬರೆದಿಡತಕ್ಕ ಅಕ್ಷರಮಾಲೆ, ಅದಕ್ಕೆ ಮುಪ್ಪಿಲ್ಲ. ಅದು ತಿಳಿದಿದ್ದರೆ ಜೀನನ್ನು ಕೃತಕವಾಗಿ ರಚಿಸಿ, ಪಾತ್ರೆಯಲ್ಲಿ ಬೆಳೆಸಿದ ಕೋಶಗಳಿಗೆ ಸೇರಿಸಿ, ಅದೇ ಪ್ರತಿಕಾಯವನ್ನು ಬೆಂಗಳೂರಿನಲ್ಲಿಯೂ ಪಡೆಯಬಹುದು, ಇನ್ನು ಐವತ್ತು ವರ್ಷಗಳ ಮೇಲೆಯೂ ಪಡೆಯಬಹುದು. ಪ್ರತಿ ಬಾರಿಯೂ ಹೊಸ ಪ್ರಾಣಿಯ ಹಂಗಿಲ್ಲ. ಪ್ರತಿಕಾಯಗಳನ್ನು ಅವುಗಳ ಅನುಕ್ರಮದಿಂದ ಗುರುತಿಸಬೇಕೆಂದು ವಿಜ್ಞಾನಿಗಳಾದ ಆಂಡ್ರ್ಯೂ ಬ್ರಾಡ್ಬರಿ ಮತ್ತು ಆಂಡ್ರಿಯಾಸ್ ಪ್ಲಕ್ಥುನ್ 2015ರಲ್ಲಿಯೇ ನೂರಕ್ಕೂ ಮಿಕ್ಕ ಸಹಿದಾರರೊಂದಿಗೆ ‘ನೇಚರ್’ ಪತ್ರಿಕೆಯಲ್ಲಿ ಕೇಳಿದ್ದರು. ಇಂಥ ಸಾಧನಗಳಿಗೆ ಜಗತ್ತು ವರ್ಷಂಪ್ರತಿ ಸುರಿಯುವ ಹಣದಲ್ಲಿ ಅರ್ಧದಷ್ಟು, ಎಂದರೆ ಸುಮಾರು 80 ಕೋಟಿ ಡಾಲರ್, ಕೆಟ್ಟ ಪ್ರತಿಕಾಯಗಳ ಪಾಲಾಗುತ್ತಿದೆಯೆಂದು ಅವರ ಅಂದಾಜು.

ನಮ್ಮ ದೇಶದ ಮಟ್ಟಿಗೆ ಈ ವಿಷಯ ಇನ್ನೂ ತೀಕ್ಷ್ಣವಾದುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ದೊಡ್ಡ ಸಂಸ್ಥೆಗಳಲ್ಲಿಯೇ ಆಗಲಿ, ಜಿಲ್ಲೆಯ ವಿಶ್ವವಿದ್ಯಾಲಯದ ಸಣ್ಣ ವಿಭಾಗದಲ್ಲಿಯೇ ಆಗಲಿ, ಇಂಥ ಸೀಸೆಗಳಲ್ಲಿ ಹೆಚ್ಚಿನವು ಹೊರದೇಶದಿಂದ ಬರತಕ್ಕವು. ಬಣ್ಣ ಕಟ್ಟಿದ ಒಂದು ಸೀಸೆಯ ಬೆಲೆ ಹತ್ತಿಪ್ಪತ್ತು ಸಾವಿರ ರೂಪಾಯಿಗಳನ್ನು ಮೀರುವುದು ಅಪೂರ್ವವಲ್ಲ. ಕೊಟೇಶನ್ ತರಿಸಿ, ಇಂಡೆಂಟ್ ಬರೆದು, ಲೆಕ್ಕಪತ್ರ ವಿಭಾಗದ ಒಪ್ಪಿಗೆಗಾಗಿ ಕಾದು, ಸೀಸೆ ಕೈಗೆ ಬರುವಷ್ಟರಲ್ಲಿ ವಾರಗಳು ಉರುಳಿರುತ್ತವೆ. ಅಂಥ ಸೀಸೆ ಕೆಲಸ ಮಾಡದಿದ್ದರೆ ಸಿರಿವಂತ ದೇಶದ ವಿದ್ಯಾರ್ಥಿ ಇನ್ನೊಂದನ್ನು ತರಿಸಿಯಾನು. ನಮ್ಮವನಿಗೆ ಶಿಷ್ಯವೇತನದ ಅವಧಿಯೇ ಮುಗಿದುಹೋಗುತ್ತದೆ. ಪ್ರಾಣಿಗಳ ವಿಷಯದಲ್ಲಿ 1960ರ ಅಧಿನಿಯಮದ ಆಸರೆಯಿಂದ ಪ್ರತಿಯೊಂದು ಸಂಸ್ಥೆಯಲ್ಲಿಯೂ ನೀತಿಸಮಿತಿ ಇದೆ; ಎಷ್ಟು ಇಲಿಗಳು, ಏತಕ್ಕೆ, ನೋವಿಲ್ಲದಂತೆ ಹೇಗೆ ಎಂದು ಅದು ಕೇಳುತ್ತದೆ. ಆ ಇಲಿಗಳಿಂದ ಬರುವ ಉತ್ತರವನ್ನು ಓದುವ ಪ್ರತಿಕಾಯ ಸಾಚಾ ಹೌದೆ ಎಂಬ ಪ್ರಶ್ನೆಯನ್ನೂ ಅದು ಕೇಳತಕ್ಕದ್ದು. ಸುಳ್ಳು ಪ್ರತಿಕಾಯಕ್ಕಾಗಿ ಸತ್ತ ಇಲಿಯ ಸಾವಿಗೆ ಯಾವ ಸಮರ್ಥನೆಯೂ ಉಳಿಯುವುದಿಲ್ಲ.

ಮಾರಾಟಗಾರರನ್ನೇ ದೂರುವುದೂ ನ್ಯಾಯವಲ್ಲ. ಹಿಂದಿನ ಪ್ರಬಂಧದಲ್ಲಿ ಇದನ್ನೇ ಬಳಸಿದ್ದಾರೆ ಎಂಬುದೊಂದೇ ಪ್ರಮಾಣವಾಗಿ, ಕಣ್ಣುಮುಚ್ಚಿ ಅದನ್ನೇ ತರಿಸುವ ರೂಢಿ ಸಂಶೋಧಕರದು. ಕ್ಲೋನಿನ ಹೆಸರನ್ನೂ ಕೆಟಲಾಗ್ ಸಂಖ್ಯೆಯನ್ನೂ ಬರೆಯದೆ ಇಂಥ ಕಂಪನಿಯಿಂದ ಕೊಂಡೆವೆಂದಷ್ಟೇ ಬರೆದ ಪ್ರಬಂಧಗಳನ್ನು ಅಚ್ಚುಹಾಕುವ ಔದಾರ್ಯ ಸಂಪಾದಕರದು. ಕೊಳ್ಳುವವನು ಕೇಳದಿದ್ದರೆ ಮಾರುವವನು ತಾನಾಗಿ ಹೇಳುವನೆಂದು ನಿರೀಕ್ಷಿಸುವುದು ವ್ಯಾಪಾರದ ಸ್ವಭಾವವನ್ನು ತಿಳಿಯದವರ ಮಾತು.

ಬಂಡವಾಳ ಹಾಕಿ ಹೊಸ ಪ್ರತಿಕಾಯವನ್ನು ಶೋಧಿಸಿದ ಕಂಪನಿಗೆ ಅದರ ಫಲ ದೊರೆಯಬೇಡವೆ ಎಂಬ ಆಕ್ಷೇಪವು ತೂಕವುಳ್ಳದ್ದು. ದೊರೆಯಲಿ, ಪೇಟೆಂಟ್ ಎಂಬುದು ಇರುವುದೇ ಅದಕ್ಕಾಗಿ, ಮತ್ತು ಪೇಟೆಂಟಿನ ಮೂಲತತ್ತ್ವವೇ ಬಹಿರಂಗಪಡಿಸುವುದಕ್ಕೆ ಪ್ರತಿಯಾಗಿ ಕೆಲವು ಕಾಲದ ಏಕಸ್ವಾಮ್ಯವನ್ನು ಪಡೆಯುವುದು. ಬಹಿರಂಗಪಡಿಸದೆ ಏಕಸ್ವಾಮ್ಯವನ್ನು ಶಾಶ್ವತವಾಗಿ ಅನುಭವಿಸುವುದಕ್ಕೆ ಮಾತ್ರ ವಿಜ್ಞಾನ ಸಮ್ಮತಿ ಕೊಡಲಾಗದು. ವಿಶ್ವವಿದ್ಯಾಲಯಗಳಲ್ಲಿ ಸಾರ್ವಜನಿಕ ಧನದಿಂದ ಹುಟ್ಟಿ, ಅನಂತರ ಕಂಪನಿಗಳ ಕೈಸೇರಿದ ಹಳೆಯ ಕ್ಲೋನುಗಳ ವಿಷಯದಲ್ಲಂತೂ ಆ ಆಕ್ಷೇಪಕ್ಕೆ ಅವಕಾಶವೇ ಇಲ್ಲ.

ಮಾಡಿದರೆ ಆಗುತ್ತದೆಂಬುದಕ್ಕೆ ನಿದರ್ಶನಗಳು ಹುಟ್ಟುತ್ತಿವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯಲ್ಲಿ ಮಿದುಳಿನ ಪ್ರೋಟೀನುಗಳಿಗಾಗಿ ತಯಾರಿಸಿದ್ದ ಪ್ರತಿಕಾಯಗಳ ದೊಡ್ಡ ಸಂಗ್ರಹದ ಅನುಕ್ರಮಗಳನ್ನು ಓದಿ, ಎಲ್ಲರಿಗೂ ತೆರೆದಿಟ್ಟಿದ್ದಾರೆ. ಎಂ1/70ನ್ನು ಲೋಕಕ್ಕೆ ಕೊಟ್ಟ ಸ್ಪ್ರಿಂಗರ್, ಅನಂತರ ಹಾರ್ವರ್ಡಿನಲ್ಲಿ ಪ್ರಾಧ್ಯಾಪಕರಾಗಿ, ಔಷಧೋದ್ಯಮದಲ್ಲಿ ಅಪಾರ ಧನವನ್ನು ಗಳಿಸಿ, 2022ರಲ್ಲಿ ಲಾಸ್ಕರ್ ಪಾರಿತೋಷಕಕ್ಕೆ ಪಾತ್ರರಾದವರು. ಅವರು 2017ರಲ್ಲಿ ಒಂದು ಕೋಟಿ ಡಾಲರುಗಳನ್ನಿತ್ತು ಬಾಸ್ಟನ್ನಿನಲ್ಲಿ ಲಾಭಾಪೇಕ್ಷೆಯಿಲ್ಲದ ಪ್ರೋಟೀನ್ ಸಂಶೋಧನಾಲಯವೊಂದನ್ನು ಸ್ಥಾಪಿಸಿದರು. ಪರೀಕ್ಷಿತವಾದ ರೀಕಾಂಬಿನಂಟ್ ಪ್ರತಿಕಾಯಗಳನ್ನು ಸಂಶೋಧಕರಿಗೆ ಮುಕ್ತವಾಗಿ ಒದಗಿಸುವುದು ಅದರ ಉದ್ದೇಶ. ತಮ್ಮ ತಾರುಣ್ಯದಲ್ಲಿ ಮಿಲ್‌ಸ್ಟೈನರ ಪ್ರಯೋಗಶಾಲೆಯ ಮುಕ್ತಹಸ್ತವನ್ನು ಕಂಡವರಿಗೆ ಅದು ಹೊಸ ಆದರ್ಶವಾಗಿ ತೋರಿರಲಾರದು.

ನಮ್ಮಲ್ಲಿ ಇದಕ್ಕೆ ಮಹಾಯೋಜನೆಯೊಂದು ಬೇಕೆಂದು ನಾನು ಕೇಳುವುದಿಲ್ಲ. ಮಹಾಯೋಜನೆಗಳ ಶಿಲಾನ್ಯಾಸಗಳನ್ನು ಈ ನಾಡು ಸಾಕಷ್ಟು ಕಂಡಿದೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯಾಗಲಿ, ರಾಜ್ಯದ ವಿಶ್ವವಿದ್ಯಾಲಯಗಳಾಗಲಿ ತಮ್ಮ ಅನುದಾನದ ಹಣದಿಂದ ಪ್ರತಿಕಾಯವನ್ನು ಕೊಳ್ಳುವಾಗ ಕೊಟೇಶನ್ನಿನ ನಮೂನೆಗೆ ಎರಡು ಅಂಕಣಗಳನ್ನು ಸೇರಿಸಿದರೆ ಸದ್ಯಕ್ಕೆ ಸಾಕು: ಅನುಕ್ರಮ ಬಹಿರಂಗವಾಗಿದೆಯೆ ಎಂಬುದೊಂದು, ಗುರಿಯ ಜೀನನ್ನು ಕಳೆದ ಕೋಶದಲ್ಲಿಯೋ ಪ್ರಾಣಿಯಲ್ಲಿಯೋ ಪರೀಕ್ಷೆಯಾಗಿದೆಯೆ ಎಂಬುದಿನ್ನೊಂದು. ಎರಡಕ್ಕೂ ಹೌದೆಂದು ಪುರಾವೆ ಸಹಿತ ಬರೆದ ಮಾರಾಟಗಾರನಿಗೆ, ದರದಲ್ಲಿ ಕೊಂಚ ಹೆಚ್ಚಾದರೂ, ಮೊದಲ ಮನ್ನಣೆ ಇರಲಿ. ಅತ್ಯಂತ ಕಡಿಮೆ ದರದವನಿಗೇ ಕೊಡತಕ್ಕದ್ದೆಂಬ ಖರೀದಿಯ ನಿಯಮ ಇದಕ್ಕೆ ಅಡ್ಡ ಬರುವುದೆಂದು ಲೆಕ್ಕಪತ್ರದ ಅಧಿಕಾರಿಗಳು ಹೇಳುವುದು ಖಂಡಿತ. ಪರೀಕ್ಷೆಯ ಪುರಾವೆಯನ್ನು ವಸ್ತುವಿನ ತಾಂತ್ರಿಕ ಅರ್ಹತೆಯೆಂದು ನಮೂನೆಯಲ್ಲಿಯೇ ಮೊದಲು ಬರೆದರೆ ಆ ನಿಯಮಕ್ಕೆ ಭಂಗವಿಲ್ಲ. ಅರ್ಹತೆಯಿಲ್ಲದವನ ದರವನ್ನು ತೆರೆದು ನೋಡುವ ಪ್ರಮೇಯವೇ ಆಗ ಬಾರದು.